ಮಾರ್ಚ್ 18ರ ಆಚೆ, ಈಚೆ

2020ರ ಮಾರ್ಚ್ 18. ಈ ತಾರೀಕು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನನ್ನ ಅಮ್ಮನಿಗೂ.

ಅವತ್ತು ಕೊರೊನಾ ಕಾರಣಕ್ಕೆ ಕೆನಡಾ ತನ್ನ ಗಡಿ ಮುಚ್ಚಿತು. ಕೆಲವರಿಗೆ ವಿನಾಯಿತಿ ಕೊಟ್ಟರು. ಪರ್ಮನೆಂಟ್ ರೆಸಿಡೆನ್ಸಿ, ಅಂದರೆ ಎಲ್ಲರೂ ಪಿಆರ್ ಅನ್ನುವುದು, ಅದು ಮಂಜೂರಾದವರು ಹೋಗಬಹುದು. ಆದರೆ ಮಂಜೂರಾದ ದಿನ ಮಾರ್ಚ್ 18 ಅಥವಾ ಅದಕ್ಕಿಂತ ಮೊದಲು ಇರಬೇಕು. ಆಮೇಲಿನವರು ಕಾಯಬೇಕು. ಎಷ್ಟು ದಿನ ಅಂತ ಯಾರೂ ಹೇಳಲಿಲ್ಲ.

ನನ್ನ ತಂಗಿ, ಭಾವ, ಅವರ ಎರಡು ವರ್ಷದ ಮಗಳು, ಈ ಮೂವರ ಪಿಆರ್ ಮಂಜೂರಾತಿ ಕಾಗದ ಬಂದದ್ದು ಜೂನ್‌ನಲ್ಲಿ.

ಭಾವನ ಜೊತೆಗೇ ಅರ್ಜಿ ಹಾಕಿದ ಗೆಳೆಯರೊಬ್ಬರು ಇದ್ದರು. ಒಂದೇ ಕೆಲಸ, ಹೆಚ್ಚುಕಮ್ಮಿ ಒಂದೇ ಅಂಕ (ವಯಸ್ಸು, ಓದು, ಕೆಲಸ ನೋಡಿ ಕೆನಡಾ ಕೊಡುವ ಅಂಕ). ಅವರ ಫೈಲು ಯಾರದೋ ಮೇಜಿನಿಂದ ಸ್ವಲ್ಪ ಬೇಗ ದಾಟಿತು, ಮಾರ್ಚ್ ಮೊದಲ ವಾರದಲ್ಲಿ. ಅವರು ಆ ವರ್ಷವೇ ಹೋದರು. ಇವರು ಹೋದದ್ದು 2021ರ ಅಕ್ಟೋಬರ್‌ನಲ್ಲಿ. ನಡುವಿನ ಆ ಹದಿನಾರು ತಿಂಗಳು ನಾನು ಹತ್ತಿರದಿಂದ ನೋಡಿದ್ದೇನೆ, ಯಾಕಂದರೆ ಅಷ್ಟೂ ಕಾಲ ಅವರು ಇದ್ದದ್ದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಹತ್ತಿರ ಇರುವ ಪೆರ್ಲದ ಬಳಿಯ ನಮ್ಮ ಮನೆಯಲ್ಲಿ.

ಪಿಆರ್‌ಗೆ ಬೇಕಾದ ಆರೋಗ್ಯ ತಪಾಸಣೆ, ಅಂದರೆ ಮೆಡಿಕಲ್, ಮುಗಿದ ಕೂಡಲೇ ಭಾವ ಬೆಂಗಳೂರಿನ ಕೆಲಸಕ್ಕೆ ನೋಟಿಸ್ ಕೊಟ್ಟಿದ್ದರು. ಬಾಡಿಗೆ ಮನೆ ಬಿಟ್ಟು, ಫ್ರಿಜ್, ಮಂಚ ಎಲ್ಲ ಮಾರಿ ಊರಿಗೆ ಬಂದಿದ್ದರು. ಅವಸರ ಮಾಡಿದಿರಿ ಅಂತ ಈಗ ಹೇಳುವುದು ಸುಲಭ. ಆಗ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ.

ಸೂಟ್‌ಕೇಸ್‌ಗಳನ್ನು ಜಗಲಿಯಲ್ಲಿ ಅಡಿಕೆ ತೂಗುವ ತಕ್ಕಡಿಗೆ ನೇತುಹಾಕಿ ತೂಕ ನೋಡಿದ್ದೆವು. ಒಂದೊಂದಕ್ಕೆ 23 ಕಿಲೋ. ಅಮ್ಮ ಮಿಡಿ ಉಪ್ಪಿನಕಾಯಿಯನ್ನು ಮೂರು ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟಿದ್ದರು. ಮಗುವಿಗೆ ಅಂತ ತಂದ ದಪ್ಪ ಕೆಂಪು ಜಾಕೆಟ್ ಮೇಲ್ಗಡೆ ಇತ್ತು. ಹಾಗೆ ತುಂಬಿದ ಪೆಟ್ಟಿಗೆಗಳು ಉಪ್ಪರಿಗೆ ಸೇರಿದವು. ಆಟಿ ತಿಂಗಳ ಮಳೆ ನಿಮಗೆ ಗೊತ್ತಲ್ವಾ? ಒಂದು ದಿನ ತೆಗೆದು ನೋಡಿದರೆ ಜಾಕೆಟಿನ ತುಂಬ ಬೂಸ್ಟು. ತಂಗಿ ಅದನ್ನು ಒರೆಸಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದಳು. ಬೂಸ್ಟು ಹೋಯಿತು, ಹೊಗೆ ವಾಸನೆ ಬಂತು. ಮುಂದಿನ ಮಳೆಗಾಲಕ್ಕೆ ಅದರ ತೋಳು ಮಗುವಿನ ಮೊಣಕೈಯಿಂದ ಸ್ವಲ್ಪ ಕೆಳಗೆ ಬರುತ್ತಿತ್ತು. ಅಷ್ಟೇ. ಒಂದು ಸಲವೂ ಹಾಕದ ಜಾಕೆಟ್.

ಗಡಿ ಮುಚ್ಚಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ರೋಗ ಹರಡುವಾಗ ಯಾವ ದೇಶವಾದರೂ ಬಾಗಿಲು ಹಾಕಲೇಬೇಕು. 14 ದಿನ ಕ್ವಾರಂಟೈನ್ ಇರಿ ಅಂದರೆ ಇರುತ್ತೇವೆ, ಟೆಸ್ಟ್ ಮಾಡಿಸಿ ಅಂದರೆ ಮಾಡಿಸುತ್ತೇವೆ. ನನ್ನ ತಕರಾರು ವಿನಾಯಿತಿ ಕೊಟ್ಟ ಬಗೆಯ ಮೇಲೆ. ಮಾರ್ಚ್ 17ಕ್ಕೆ ಕಾಗದ ಸಿಕ್ಕಿದವರು ಮತ್ತು 19ಕ್ಕೆ ಸಿಕ್ಕಿದವರು ಇಬ್ಬರೂ ಒಂದೇ ವಿಮಾನದಲ್ಲಿ ಕೂತರೆ, ವೈರಸ್‌ಗೆ ಏನು ವ್ಯತ್ಯಾಸ?

ಕುಟುಂಬದ ವಿಷಯ ಇನ್ನೂ ವಿಚಿತ್ರ. 2020ರ ಜೂನ್ 8ರಿಂದ, ಆಗಲೇ ಅಲ್ಲಿನ ಪ್ರಜೆಗಳಾಗಿದ್ದವರ ಮತ್ತು ಪಿಆರ್ ಇದ್ದವರ ಗಂಡ, ಹೆಂಡತಿ, ಮಕ್ಕಳು, ಅಪ್ಪ ಅಮ್ಮ ಬರಬಹುದು ಅಂತ ಆಯಿತು. ಅಕ್ಟೋಬರ್‌ನಲ್ಲಿ ಅಣ್ಣ ತಮ್ಮ, ಅಕ್ಕ ತಂಗಿ, ಅಜ್ಜ ಅಜ್ಜಿಯರನ್ನೂ ಸೇರಿಸಿದರು. ಒಳ್ಳೆಯ ಕೆಲಸ, ಎಷ್ಟೋ ಮನೆಗಳು ಒಂದಾದವು. ಆದರೆ ಒಬ್ಬರು ಅಲ್ಲಿ, ಉಳಿದವರು ಇಲ್ಲಿ ಇದ್ದರೆ ಅದು ಕುಟುಂಬ. ಗಂಡ, ಹೆಂಡತಿ, ಮಗು ಮೂವರೂ ಒಟ್ಟಿಗೆ ಮಂಜೂರಾಗಿ, ಮೂವರೂ ಇಲ್ಲೇ ಸಿಕ್ಕಿಬಿದ್ದರೆ ಅವರಿಗೆ ಆ ದಾರಿ ಇಲ್ಲ. ಭಾವ ಮೊದಲು ಅಲ್ಲಿ ಕಾಲಿಟ್ಟಿದ್ದರೆ ತಂಗಿಯೂ ಮಗುವೂ ಅವರ ಕುಟುಂಬ ಅಂತ ಹೋಗಬಹುದಿತ್ತು. ಭಾವನನ್ನೇ ಬಿಡುತ್ತಿರಲಿಲ್ಲವಲ್ಲ. ಒಟ್ಟಿಗೆ ಹೋಗೋಣ ಅಂತ ಕಾದವರಿಗೇ ಜಾಸ್ತಿ ಕಷ್ಟ ಆಯಿತು.

ಗಡಿಯಲ್ಲಿರುವ ನಮಗೆ ವಿನಾಯಿತಿ ಅನ್ನುವ ಶಬ್ದ ಹೊಸದಲ್ಲ. ಅದೇ ಮಾರ್ಚ್ ಕೊನೆಗೆ ಕರ್ನಾಟಕ ನಮ್ಮ ಕಡೆಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತ್ತು. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರೇ. ಅಪ್ಪನ ಹೃದಯದ ಡಾಕ್ಟರೂ ಅಲ್ಲೇ. ತಲಪಾಡಿ ಗಡಿಯಲ್ಲಿ ಆಂಬುಲೆನ್ಸ್ ದಾಟಲಾಗದೆ ಜೀವ ಹೋದ ಸುದ್ದಿಯನ್ನು ನಾವು ದಿನಾ ಕೇಳಿದೆವು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ತಡೆ ತೆಗೆಯಿರಿ ಅಂದಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ ತುರ್ತು ರೋಗಿಗಳನ್ನು ಬಿಡುವುದು ಅಂತ ಎರಡೂ ರಾಜ್ಯಗಳು ಒಪ್ಪಿದವು. 2021ರ ಆಗಸ್ಟ್‌ನಲ್ಲಿ ಎರಡು ಡೋಸ್ ಹಾಕಿಸಿಕೊಂಡವರಿಗೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ಬೇಕು ಅಂತ ಆದಾಗಲೂ, ಮನೆಯಲ್ಲಿ ಸಾವಾದವರಿಗೆ, ಚಿಕಿತ್ಸೆಗೆ ಹೋಗುವವರಿಗೆ ಬೇರೆ ದಾರಿ ಇಟ್ಟಿದ್ದರು. ಕಷ್ಟ ಪಟ್ಟಿದ್ದೇವೆ, ನಿಜ. ಆದರೆ ಆ ವಿನಾಯಿತಿ ಎದುರಿಗೆ ನಿಂತ ಮನುಷ್ಯನಿಗೆ ಏನಾಗಿದೆ ಅಂತ ಕೇಳುತ್ತಿತ್ತು. ಮಾರ್ಚ್ 18ರ ನಿಯಮ ಅದನ್ನು ಕೇಳಲಿಲ್ಲ. ಕೆಲಸ ಬಿಟ್ಟಿದ್ದೀರಾ, ಮನೆ ಖಾಲಿ ಮಾಡಿದ್ದೀರಾ, ಮಗು ಇದೆಯಾ? ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಕಾಯುವಾಗ ಕಾಗದವೂ ಸಾಯುತ್ತದೆ. ಇದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಮೆಡಿಕಲ್ ಒಂದೇ ವರ್ಷಕ್ಕೆ ಇರುವುದು. ಪಿಆರ್ ಕಾಗದದ ಅವಧಿ ಅದಕ್ಕೇ ಕಟ್ಟಿಕೊಂಡಿರುತ್ತದೆ. 2021ರ ಜನವರಿಗೆ ಇವರ ಕಾಗದ ಮುಗಿಯಿತು. ಕೆನಡಾ ವಲಸೆ ಇಲಾಖೆಯ ವೆಬ್‌ಫಾರ್ಮ್ ತುಂಬಿಸಿ, ಉತ್ತರಕ್ಕೆ ಕಾದು, ಮತ್ತೆ ತುಂಬಿಸಿ. ನಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಭಾವ ದಿನಾ ರಾತ್ರಿ ಟಾರ್ಚ್ ಹಿಡಿದು ಗುಡ್ಡೆ ಹತ್ತಿ ಮೇಲ್ ನೋಡಿ ಬರುತ್ತಿದ್ದರು. ಅವರು ಇಳಿದು ಬರುವಾಗ ಯಾರೂ ಏನೂ ಕೇಳುತ್ತಿರಲಿಲ್ಲ. ತಂಗಿಯೇ ನನಗೆ ಹೇಳಿದ್ದಳು, "ಅಣ್ಣ, ಮೇಲ್ ಬಂತಾ ಅಂತ ಅವರ ಹತ್ತಿರ ಕೇಳ್ಬೇಡ. ಬಂದ್ರೆ ಅವರೇ ಓಡಿಕೊಂಡು ಬರ್ತಾರೆ."

ಆ ಫೆಬ್ರವರಿಯಲ್ಲಿ ಇನ್ನೊಂದು ಸುದ್ದಿ ಬಂತು. ಕೆನಡಾದೊಳಗೆ ಕೆಲಸದ ಅನುಭವ ಇದ್ದವರಿಗಾಗಿ 13ನೇ ತಾರೀಕಿಗೆ ಒಂದೇ ಸಲ 27,332 ಜನರನ್ನು ಪಿಆರ್‌ಗೆ ಕರೆದರು. ಕಟ್ ಆಫ್ ಬರೀ 75 ಅಂಕ. ಅದಕ್ಕೆ ಮೊದಲು ಸಾಮಾನ್ಯವಾಗಿ 400ರ ಮೇಲೆ ಇಲ್ಲದಿದ್ದರೆ ಆಸೆಯೇ ಇರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಕಾದವರೇ. ಆದರೆ ಮಂಜೂರಾತಿ ಕೈಯಲ್ಲಿ ಹಿಡಿದು ಹೊರಗೆ ನಿಂತವರು ಇರುವಾಗ ಹೊಸಬರನ್ನು ಕರೆದದ್ದು ಭಾವನಿಗೆ ತುಂಬ ನೋವಾಯಿತು. ಅವತ್ತು ಅವರು ಗುಡ್ಡೆ ಹತ್ತಲಿಲ್ಲ.

ಕೊನೆಗೆ 2021ರ ಜೂನ್ 21ಕ್ಕೆ ಆ ತಾರೀಕಿನ ಗೆರೆ ಅಳಿಸಿದರು. ಅವಧಿ ಇರುವ ಪಿಆರ್ ಕಾಗದ ಇದ್ದ ಎಲ್ಲರೂ ಬರಬಹುದು ಅಂದರು. ಆದರೆ ಏಪ್ರಿಲ್ 22ರಿಂದಲೇ ಭಾರತದ ನೇರ ವಿಮಾನ ನಿಂತಿತ್ತು. ಬೇರೆ ದೇಶದಲ್ಲಿ ಇಳಿದು, ಅಲ್ಲಿ ಟೆಸ್ಟ್ ಮಾಡಿಸಿಕೊಂಡು ಹೋಗಬೇಕಿತ್ತು. ದುಡ್ಡಿದ್ದವರು ಮಾಲ್ಡೀವ್ಸ್, ಮೆಕ್ಸಿಕೋ, ಸರ್ಬಿಯಾ ಸುತ್ತಿ ಹೋದರು. ಒಂದೂವರೆ ವರ್ಷ ಸಂಬಳ ಇಲ್ಲದ ಮನೆಗೆ ಅದು ಆಗುವ ಮಾತಾ? ಇವರು ಮತ್ತೆ ಮೆಡಿಕಲ್ ಮಾಡಿಸಿ, ಹೊಸ ಕಾಗದ ತರಿಸಿ, ಸೆಪ್ಟೆಂಬರ್ 27ಕ್ಕೆ ನೇರ ವಿಮಾನ ಶುರುವಾದ ಮೇಲೆ ಹೊರಟರು. ಹೊರಡುವ 18 ಗಂಟೆಯೊಳಗೆ ದೆಹಲಿ ಏರ್‌ಪೋರ್ಟಿನಲ್ಲೇ ಟೆಸ್ಟ್. ಅಮ್ಮ ಹೊಸ ವರ್ಷದ ಮಿಡಿ ಹಾಕಿಕೊಟ್ಟರು. ತಕ್ಕಡಿಯಲ್ಲಿ ಮತ್ತೆ 23 ಕಿಲೋ ನೋಡಿದೆವು.

ಒಂದು ದೇಶ ಬನ್ನಿ ಅಂದ ಮೇಲೆ, ಬಾಗಿಲು ಹಾಕಬೇಕಾಗಿ ಬಂದರೆ ಹಾಕಲಿ. ಆದರೆ ಕಾಯುವವರ ಕಾಗದದ ಅವಧಿ ತಾನಾಗಿ ಮುಂದೆ ಹೋಗಬೇಕು. ಬಿಡುವಾಗ ಊರು ಮನೆ ಬಿಟ್ಟು ನಿಂತವರನ್ನು ಮೊದಲು ಬಿಡಬೇಕು, ಕಾಗದದ ತಾರೀಕು ನೋಡಿ ಅಲ್ಲ. ಒಟ್ಟಿಗೆ ಮಂಜೂರಾದ ಮನೆಮಂದಿಯನ್ನೂ ಕುಟುಂಬ ಅಂತಲೇ ಎಣಿಸಬೇಕು. ಇದು ಆಗದ ಕೆಲಸವೇನಲ್ಲ. ಜೂನ್ 21ಕ್ಕೆ ಮಾಡಿದ್ದನ್ನು, ಕ್ವಾರಂಟೈನ್ ಇಟ್ಟುಕೊಂಡೇ, ಒಂದು ವರ್ಷ ಮೊದಲೇ ಮಾಡಬಹುದಿತ್ತು.

ನಮ್ಮ ಕಡೆಯಿಂದ ಹೊರಗೆ ಹೋಗುವವರು ಈಗಲೂ ಇದ್ದಾರೆ. ಕಾಗದ ಕೈಗೆ ಬಂದು ಯಾವುದಾದರೂ ನಿಯಮದಲ್ಲಿ ಸಿಕ್ಕಿಬಿದ್ದವರು ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಬಂದ ಮೇಲ್, ಕಳಿಸಿದ ಫಾರ್ಮ್ ಒಂದನ್ನೂ ಡಿಲೀಟ್ ಮಾಡಬೇಡಿ. ಭಾವನ ಹತ್ತಿರ ಆ ಹದಿನಾರು ತಿಂಗಳಿನದ್ದು ಎಲ್ಲವೂ ಇದೆ. ಮಾತಾಡಿಸಿ ಕೊಡುತ್ತೇನೆ.