ರಾಜರ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ

ಈಗಿನ ಐತಿಹಾಸಿಕ ಕಾದಂಬರಿಗಳ ರಾಜರಿಗೆ ನೆಗಡಿಯಾಗುವುದಿಲ್ಲ. ಹಲ್ಲುನೋವಿಲ್ಲ, ಬೊಕ್ಕತಲೆಯಿಲ್ಲ, ಸಾಲವಂತೂ ಇಲ್ಲವೇ ಇಲ್ಲ. ಒಬ್ಬೊಬ್ಬನೂ ಆರೂವರೆ ಅಡಿ ಆಳು. ಎದ್ದರೆ ಭಾಷಣ, ಕೂತರೆ ಪ್ರತಿಜ್ಞೆ. ರಾಣಿಯ ಜೊತೆ ಏಕಾಂತದಲ್ಲಿದ್ದಾಗಲೂ ನಾಡಿನ ಅಖಂಡತೆಯ ಬಗ್ಗೆ ಎರಡು ಪುಟ ಮಾತಾಡಿಯೇ ದೀಪ ಆರಿಸುವುದು. ಆ ರಾಣಿಯರ ತಾಳ್ಮೆಗೆ ಒಂದು ಶಾಸನ ಹಾಕಿಸಬೇಕಿತ್ತು.

ಇಂಥ ಪುಸ್ತಕಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಚಾಳಿ ನನಗಿದೆ. ಸಾಹಿತ್ಯ ವಲಯದಲ್ಲಿ ಇದನ್ನು ಅಷ್ಟು ಸಭ್ಯ ನಡತೆ ಎಂದು ಯಾರೂ ಭಾವಿಸುವುದಿಲ್ಲ. ಪುಸ್ತಕವನ್ನು ಬಿಡುಗಡೆ ಮಾಡಬೇಕು, ಎದೆಗೊತ್ತಿ ಫೋಟೊ ತೆಗೆಸಿಕೊಳ್ಳಬೇಕು, ಕಪಾಟಿನಲ್ಲಿ ಇಡಬೇಕು. ಓದಿಬಿಟ್ಟರೆ ಮನಸ್ತಾಪ ಶುರುವಾಗುತ್ತದೆ.

ಈಚೆಗೆ ಓದಿದ್ದೊಂದು ವಿಷ್ಣುವರ್ಧನನ ಕಾಲದ ಕಥೆ. ತಲಕಾಡು ಗೆದ್ದು ಬಂದ ಸೈನಿಕರಿಗೆ ದೋರಸಮುದ್ರದಲ್ಲಿ ಔತಣ. ಕೊಪ್ಪರಿಗೆಯ ಒಗ್ಗರಣೆಯಲ್ಲಿ ಒಣಮೆಣಸಿನಕಾಯಿ ಚಟಪಟ ಸಿಡಿಯುತ್ತದೆ, ಆ ಘಾಟಿಗೆ ದಂಡನಾಯಕನೇ ಕೆಮ್ಮುತ್ತಾನೆ. ಪಾಯಸದಲ್ಲಿ ತುಪ್ಪದಲ್ಲಿ ಹುರಿದ ಗೋಡಂಬಿ. ಬಹಳ ರುಚಿಕಟ್ಟಾದ ಅಧ್ಯಾಯ, ಇಲ್ಲವೆನ್ನಲಾರೆ. ಆದರೆ ತಲಕಾಡು ಗೆದ್ದದ್ದು 1116ರ ಸುಮಾರಿಗೆ. ಮೆಣಸಿನಕಾಯಿ ಅಮೆರಿಕದ ಗಿಡ. ಕೊಲಂಬಸ್ ಆ ಕಡೆಯ ದಡ ಮುಟ್ಟಿದ್ದು 1492ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ಗೋಡಂಬಿ ಬಂದದ್ದೂ ಅವರ ಹಡಗಿನಲ್ಲೇ. ಅಂದರೆ ಒಲೆಯ ಮೇಲೆ ಎಣ್ಣೆಯಿಟ್ಟ ಹೊಯ್ಸಳ ಬಾಣಸಿಗ ಹತ್ತಿರ ಹತ್ತಿರ ನಾಲ್ಕು ನೂರು ವರ್ಷ ಕಾಯಬೇಕಿತ್ತು. ಅಷ್ಟರಲ್ಲಿ ಎಣ್ಣೆ ಸೀದು, ಒಲೆ ಆರಿ, ದೋರಸಮುದ್ರವೇ ಹಳೇಬೀಡಾಗಿತ್ತು.

ತಿಳಿದುಕೊಳ್ಳಲು ಆಕರಗಳಿಗೇನು ಬರವೇ? ವಿಷ್ಣುವರ್ಧನನ ಸಮಕಾಲೀನನಾದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ ಇದೆ, 1129ರ ಸುಮಾರಿನದು. ರಾಜ ಏನು ಉಣ್ಣಬೇಕು ಎಂಬುದಕ್ಕೇ ಅದರಲ್ಲಿ ‘ಅನ್ನಭೋಗ’ ಎಂಬ ಭಾಗ ಇದೆ. ಅಕ್ಕಿ ಸೇರದ, ಬರೀ ಉದ್ದಿನ ಇಡ್ಲಿ ಇದೆ. ವಡೆ ಇದೆ. ಮೀನು, ಹಂದಿ ಇದೆ. ಇಲಿಯೂ ಇದೆ. ಹೌದು, ಹೊಲದ ಇಲಿಯನ್ನೇ, ರೋಮ ತೆಗೆದು ಬೇಯಿಸುವ ಕ್ರಮಸಹಿತ ವಿವರಿಸಲಾಗಿದೆ. ಖಾರಕ್ಕೆ ಆ ಕಾಲದವರಿಗೆ ಕಾಳುಮೆಣಸಿತ್ತು, ಹಿಪ್ಪಲಿಯಿತ್ತು, ಶುಂಠಿಯಿತ್ತು. 16ನೇ ಶತಮಾನದ ಮೂರನೇ ಮಂಗರಸನಂತೂ ಪಾಕಶಾಸ್ತ್ರವನ್ನು ಷಟ್ಪದಿಯಲ್ಲೇ ಬಡಿಸಿಟ್ಟು ಹೋಗಿದ್ದಾನೆ. ಇಷ್ಟೆಲ್ಲ ಇದ್ದೂ ನಮ್ಮ ಕಾದಂಬರಿಕಾರ ಹೊಯ್ಸಳರ ಊಟಕ್ಕೆ ಆಕರವಾಗಿ ನಂಬಿದ್ದು ಹೆದ್ದಾರಿ ಪಕ್ಕದ ದರ್ಶಿನಿಯನ್ನು.

ಬಿಡುಗಡೆಯಾದ ಮೇಲೆ ಪುಸ್ತಕದ ಮಳಿಗೆ ಹತ್ತಿರ ಲೇಖಕರೇ ಹಸ್ತಾಕ್ಷರ ಹಾಕುತ್ತಾ ಕೂತಿದ್ದರು. ಮೆಲ್ಲಗೆ ಕೇಳಿದೆ: “ಸಾರ್, ಔತಣದ ಅಧ್ಯಾಯದಲ್ಲಿ ಒಣಮೆಣಸಿನಕಾಯಿ...”

ಅವರು ಪೆನ್ನಿನ ಕ್ಯಾಪು ಹಾಕಿದರು. “ನಿಮಗೆ ನಮ್ಮ ಇತಿಹಾಸದ ಬಗ್ಗೆ ಹೆಮ್ಮೆ ಇಲ್ವಾ?”

“ಹೆಮ್ಮೆ ಇದೆ ಸಾರ್. ಮೆಣಸಿನಕಾಯಿ ಇರಲಿಲ್ಲ.”

“ಅದೆಲ್ಲ ವಿದೇಶಿ ಇತಿಹಾಸಕಾರರು ಹಬ್ಬಿಸಿದ್ದು. ಬ್ಯಾಡಗಿ ಎಲ್ಲಿದೆ? ಕರ್ನಾಟಕದಲ್ಲೇ ತಾನೆ?”

ಈ ತರ್ಕಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ನನ್ನ ಹಿಂದೆ ನಿಂತಿದ್ದ ಯುವಕನೊಬ್ಬ ಚಪ್ಪಾಳೆಯನ್ನೂ ತಟ್ಟಿದ.

ಊಟದ್ದು ಸಣ್ಣ ವಿಷಯ ಎನ್ನಿ. ಅದೇ ಕಾದಂಬರಿಯಲ್ಲಿ ವಿಷ್ಣುವರ್ಧನ ಆನೆಯ ಮೇಲೆ ನಿಂತು, ಕನ್ನಡಿಗರು ಕನ್ನಡಿಗರ ಮೇಲೆ ಎಂದೂ ಕತ್ತಿ ಎತ್ತಬಾರದು ಎಂದು ಅಪ್ಪಣೆ ಕೊಡಿಸುತ್ತಾನೆ. ತಲಕಾಡಿನ ಮರುವರ್ಷವೋ ಅದರ ಮರುವರ್ಷವೋ ಇದೇ ಹೊಯ್ಸಳರ ದಂಡನಾಯಕ ಗಂಗರಾಜ ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೇನೆಯ ಮೇಲೆ ರಾತ್ರೋರಾತ್ರಿ ಬಿದ್ದು ಚೆಲ್ಲಾಪಿಲ್ಲಿ ಮಾಡಿದ. ಶ್ರವಣಬೆಳಗೊಳದ ಶಾಸನ ಅದನ್ನು ಬಹಳ ಸಂಭ್ರಮದಿಂದಲೇ ಹೇಳುತ್ತದೆ. ಹೊಡೆದವರೂ ಕನ್ನಡಿಗರು, ಹೊಡೆಸಿಕೊಂಡವರೂ ಕನ್ನಡಿಗರು, ಕಲ್ಲಿನ ಮೇಲೆ ಬರೆಸಿದ್ದೂ ಕನ್ನಡದಲ್ಲೇ. ಸಾಮಂತನೊಬ್ಬ ತನ್ನ ಚಕ್ರವರ್ತಿಯ ಸೇನೆಗೆ ಕತ್ತಲಲ್ಲಿ ನುಗ್ಗುವ ಆ ರಾತ್ರಿಯಲ್ಲಿ ಒಂದಿಡೀ ಕಾದಂಬರಿಯೇ ಇದೆ. ನಮ್ಮವರು ಅದನ್ನು ಹಾರಿಸಿ ಸೀದಾ ಬೇಲೂರಿನ ಶಿಲ್ಪಿಯ ಕಣ್ಣೀರಿಗೆ ಹೋದರು. ಕಣ್ಣೀರು ಮುಖಪುಟಕ್ಕೆ ಚೆನ್ನಾಗಿ ಒದಗುತ್ತದೆ.

ವಿಜಯನಗರಕ್ಕೆ ಬಂದರೆ ಪಾಡು ಇನ್ನೂ ಕಷ್ಟ. ಪೋರ್ಚುಗೀಸ್ ಪ್ರವಾಸಿ ಪಾಯಸ್ 1520ರ ಸುಮಾರಿಗೆ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡು ಬರೆದಿದ್ದಾನೆ: ಮಧ್ಯಮ ಎತ್ತರ, ತೆಳ್ಳಗೆನ್ನುವುದಕ್ಕಿಂತ ತುಸು ದಪ್ಪ, ಮುಖದ ಮೇಲೆ ಸಿಡುಬಿನ ಕಲೆ. ಬೆಳಕು ಹರಿಯುವ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಬಳಿದುಕೊಂಡು, ಅದು ಬೆವರಾಗಿ ಇಳಿಯುವ ತನಕ ಕತ್ತಿವರಸೆ, ಕುಸ್ತಿ, ಆಮೇಲೆ ಕುದುರೆ ಸವಾರಿ. ಇಂಥ ಮನುಷ್ಯ ಯಾವ ಕಾದಂಬರಿಗಾದರೂ ಸಿಕ್ಕರೆ ಅದೃಷ್ಟ. ಸಿಡುಬಿನ ಕಲೆಯ ಮುಖದಲ್ಲಿ ಸಾಮ್ರಾಜ್ಯ ಆಳುವ, ನಸುಕಿನಲ್ಲಿ ಎಣ್ಣೆ ಕುಡಿದು ಮುಖ ಕಿವುಚುವ ರಾಯ! ಈಚಿನ ಕಾದಂಬರಿಗಳಲ್ಲಿ ಆತನ ಚರ್ಮ ಸೋಪಿನ ಜಾಹೀರಾತಿಗೆ ಹೊರಟಂತಿದೆ. ಇನ್ನೊಬ್ಬ ಪೋರ್ಚುಗೀಸ ನೂನಿಸ್ ಅದೇ ನಗರದ ಸಂತೆಯಲ್ಲಿ ಗುಬ್ಬಿ, ಇಲಿ, ಬೆಕ್ಕು, ಹಲ್ಲಿಗಳೂ ತಿನ್ನಲು ಮಾರಾಟಕ್ಕಿದ್ದವು ಎಂದು ಬರೆದಿದ್ದಾನೆ. ಕಾದಂಬರಿಗಳ ಹಂಪೆಯ ಬಜಾರಿನಲ್ಲಿ ಮಾತ್ರ ಮುತ್ತು, ರತ್ನ, ಮಲ್ಲಿಗೆ. ಬಳ್ಳದಲ್ಲಿ ಅಳೆದು ಮುತ್ತು ಮಾರುವ ಜನ ರಾತ್ರಿ ಏನು ಉಂಡು ಮಲಗುತ್ತಿದ್ದರೋ ದೇವರಿಗೇ ಗೊತ್ತು.

ಐತಿಹಾಸಿಕದವರು ಕಲ್ಪನೆ ಬರೆದು ಸತ್ಯ ಎಂದು ಆಣೆ ಇಡುತ್ತಾರೆ. ಫ್ಯಾಂಟಸಿಯವರಿಗೆ ಕಲ್ಪಿಸಿಕೊಳ್ಳುವ ಪರವಾನಗಿ ಜನ್ಮತಃ ಇದೆ, ಆದರೂ ಮುನ್ನುಡಿಯಲ್ಲಿ ಅವರದೂ ಅದೇ ಆಣೆ: ‘ಇದು ಕಟ್ಟುಕಥೆಯಲ್ಲ, ನಮ್ಮ ಪೂರ್ವಿಕರ ವಿಜ್ಞಾನ.’ ಆಮೇಲೆ ಋಷಿಯೊಬ್ಬರು ಕಮಂಡಲು ಕೆಳಗಿಟ್ಟು ಕ್ವಾಂಟಂ ವಿವರಿಸುತ್ತಾರೆ. ಮಂತ್ರ ಎಂದರೆ ಫ್ರೀಕ್ವೆನ್ಸಿ, ಶಾಪ ಎಂದರೆ ನೆಗೆಟಿವ್ ಎನರ್ಜಿ, ಪುಷ್ಪಕಕ್ಕೆ ಪಾದರಸದ ಇಂಜಿನ್ನು. ಯಕ್ಷಗಾನದಲ್ಲಿ ನಡುರಾತ್ರಿ ಚಂಡೆಯ ಅಬ್ಬರದ ನಡುವೆ ಬಣ್ಣದ ವೇಷ ಪ್ರವೇಶಿಸುತ್ತದಲ್ಲ, ದೊಂದಿಗೆ ರಾಳ ಎರಚಿ ಭುಗ್ ಎನ್ನಿಸಿದರೆ ಮುಗಿಯಿತು, ಎದುರಿಗೆ ಕೂತ ಎಂಬತ್ತರ ಅಜ್ಜಿಯೂ ಎಂಟರ ಮೊಮ್ಮಗನೂ ಅದನ್ನು ರಾಕ್ಷಸ ಎಂದು ಒಪ್ಪಿಕೊಳ್ಳುತ್ತಾರೆ. ಯಾರೂ ಎದ್ದು ನಿಂತು ಫ್ರೀಕ್ವೆನ್ಸಿ ಕೇಳಿದ್ದಿಲ್ಲ.

ಇನ್ನೊಂದು ಪಂಗಡದ ಫ್ಯಾಂಟಸಿಯಲ್ಲಿ ಹಿಮ ಸುರಿಯುತ್ತಲೇ ಇರುತ್ತದೆ. ಫ್ರಿಜ್ಜಿನ ಮೇಲಿನ ಖಾನೆ ಬಿಟ್ಟರೆ ಬೇರೆಲ್ಲೂ ಹಿಮ ಕಾಣದ ಲೇಖಕ ಆರುನೂರು ಪುಟ ಹಿಮ ಬರೆಯುತ್ತಾನೆ. ಹೆಸರುಗಳಲ್ಲಿ ಮಹಾಪ್ರಾಣಗಳೇ ಮಹಾಪ್ರಾಣಗಳು, ಗಟ್ಟಿಯಾಗಿ ಓದಿದರೆ ಎದುರಿಗಿದ್ದವರು ಮುಖ ಒರೆಸಿಕೊಳ್ಳಬೇಕು. ಮೊದಲ ಪುಟದಲ್ಲಿ ಭೂಪಟ, ಕೊನೆಯಲ್ಲಿ ವಂಶವೃಕ್ಷ, ಮುಖಪುಟದಲ್ಲಿ ‘ಭಾಗ 1’. ಭಾಗ 1 ಮುಗಿಯುವ ಹೊತ್ತಿಗೆ ನಾಯಕ ಚಪ್ಪಲಿ ಮೆಟ್ಟಿಕೊಂಡು ಮನೆ ಬಿಟ್ಟಿರುತ್ತಾನೆ, ಅಷ್ಟೇ. ಚಂದಮಾಮದ ಬೇತಾಳ ನಾಲ್ಕೈದು ಪುಟದಲ್ಲಿ ಒಂದು ರಾಜ್ಯ ಕಟ್ಟಿ, ಕೆಡವಿ, ಪ್ರಶ್ನೆ ಕೇಳಿ, ಉತ್ತರ ಪಡೆದು ಮರ ಹತ್ತಿಬಿಡುತ್ತಿತ್ತು. ಅದಕ್ಕೆ ಪ್ರಕಾಶಕರ ಒತ್ತಡ ಇರಲಿಲ್ಲ ಎಂದು ಕಾಣುತ್ತದೆ.

ಪ್ರೇಮ ಕಾದಂಬರಿಗಳನ್ನು ಯಾವ ಕಪಾಟಿಗೆ ಸೇರಿಸಬೇಕು ಎಂಬುದೇ ನನಗೆ ಬಗೆಹರಿಯದ ಪ್ರಶ್ನೆ. ನಾಯಕಿ ಬೆಂಗಳೂರಿನ ಸ್ಟಾರ್ಟಪ್ ಒಂದರಲ್ಲಿ ಕೆಲಸಕ್ಕಿದ್ದಾಳೆ, ಒಬ್ಬಳೇ ಇರಲು ಒಳ್ಳೆ ಬಾಲ್ಕನಿಯ ಮನೆ ಹಿಡಿದಿದ್ದಾಳೆ, ಹತ್ತು ತಿಂಗಳ ಅಡ್ವಾನ್ಸ್ ಕೇಳಿದ ಓನರು ಇಡೀ ಪುಸ್ತಕದಲ್ಲಿ ಇಲ್ಲ. ನಾಯಕ ಕೈತುಂಬ ಸಂಬಳದ ಕೆಲಸ ಬಿಟ್ಟು ಸಕಲೇಶಪುರದಲ್ಲಿ ಹೋಂಸ್ಟೇ ನಡೆಸುತ್ತಾನೆ, ಗಿಟಾರ್ ನುಡಿಸುತ್ತಾನೆ, ತೋಟದಲ್ಲಿ ಆಳು ಸಿಗುತ್ತಿಲ್ಲ ಎಂದು ಒಮ್ಮೆಯೂ ಗೊಣಗುವುದಿಲ್ಲ. ಮಳೆಯಲ್ಲಿ ಭೇಟಿ. ಜಿಗಣೆ ಹತ್ತುವುದಿಲ್ಲ. ಮದುವೆ ಮಾತು ಬಂದಾಗ ಎರಡೂ ಕಡೆಯ ಅಪ್ಪ ಅಮ್ಮ ‘ನಿಮ್ಮ ಖುಷಿಯೇ ನಮ್ಮ ಖುಷಿ’ ಎಂದು ಮುಗುಳ್ನಗುತ್ತಾರೆ. ಹುಡುಗ ಯಾವ ಪೈಕಿ ಎಂದು ಒಬ್ಬನೇ ಒಬ್ಬ ಸೋದರಮಾವ ಕೇಳುವುದಿಲ್ಲ. ಹಾರುವ ಕುದುರೆ, ಬೆಂಕಿ ಉಗುಳುವ ಸರ್ಪ ಎಲ್ಲವನ್ನೂ ನಾನು ನಂಬಿದೆ. ಆ ಸೋದರಮಾವನನ್ನು ಮಾತ್ರ ನಂಬಲಾಗಲಿಲ್ಲ.

ವಾರಪತ್ರಿಕೆಯ ಧಾರಾವಾಹಿಗಳ ಕಾಲದಲ್ಲಿ ನಾಯಕಿ ಟೈಪಿಂಗ್ ಪರೀಕ್ಷೆ ಕಟ್ಟುತ್ತಿದ್ದಳು, ತಂಗಿಯ ಫೀಸಿಗೆ ಚೀಟಿ ಎತ್ತುತ್ತಿದ್ದಳು, ವರದಕ್ಷಿಣೆಗೆ ಹೆದರುತ್ತಿದ್ದಳು, ಪ್ರೀತಿ ಹೇಳಿಕೊಳ್ಳುವ ಹೊತ್ತಿಗೆ ಸರಿಯಾಗಿ ಕೊನೆಯ ಬಸ್ಸು ಹೊರಟುಹೋಗುತ್ತಿತ್ತು. ಹೆಂಗಸರು ಬರೆದ ಆ ಕಾದಂಬರಿಗಳನ್ನು ವಿದ್ವಾಂಸರು ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದರು. ಒಗ್ಗರಣೆಗೆ ಏನು ಬೀಳುತ್ತಿದೆ ಎಂಬುದಾದರೂ ಬರೆದವರಿಗೆ ಗೊತ್ತಿತ್ತು.

ಈಗ ಪ್ರೇಮ ಮತ್ತು ಮಾಯಾಲೋಕ ಎರಡನ್ನೂ ಕಲಸಿದ ‘ರೊಮ್ಯಾಂಟಸಿ’ ಬಂದಿದೆ. ಕನ್ನಡಕ್ಕೆ ಇದೇ ಮೊದಲು ಎಂಬ ಜಾಹೀರಾತೂ ಬಂದಿದೆ. 12ನೇ ಶತಮಾನದ ನೇಮಿಚಂದ್ರ ‘ಲೀಲಾವತಿ’ ಎಂಬ ಚಂಪೂ ಬರೆದ. ರಾಜಕುಮಾರ ಕಂದರ್ಪ ಕನಸಿನಲ್ಲಿ ಒಬ್ಬಳನ್ನು ಕಾಣುತ್ತಾನೆ, ಅವಳೂ ಇವನನ್ನು ಕನಸಿನಲ್ಲೇ ಕಾಣುತ್ತಾಳೆ, ಹೆಸರು ಊರು ಏನೂ ತಿಳಿಯದೆ ಹುಡುಕಿಕೊಂಡು ಹೊರಟು ಕೊನೆಗೆ ಸೇರುತ್ತಾರೆ, ಲೊಕೇಶನ್ ಶೇರ್ ಮಾಡದೆ. ಪುಣ್ಯಾತ್ಮ ಎಂಟು ನೂರು ವರ್ಷ ಮುಂಚೆ ಬರೆದುಬಿಟ್ಟ, ಪ್ರೀ-ಬುಕಿಂಗ್ ರಿಯಾಯಿತಿ ಕೊಡಲಾಗಲಿಲ್ಲ.

ಹೀಗೆಲ್ಲ ಇದ್ದರೆ ವಿಮರ್ಶಕರು ಏನು ಮಾಡುತ್ತಿದ್ದಾರೆ ಎಂದು ನೀವು ಕೇಳಬಹುದು. ಅದಕ್ಕೂ ನೂನಿಸನಲ್ಲೇ ಉತ್ತರ ಇದೆ. ವಿಜಯನಗರದ ದೊರೆ ಸಾಳುವ ನರಸಿಂಹನಿಗೆ ಕುದುರೆಗಳ ಮೇಲೆ ಎಷ್ಟು ಮೋಹವೆಂದರೆ, ಸಮುದ್ರದಲ್ಲಿ ಬರುವಾಗ ಸತ್ತ ಕುದುರೆಗೂ ಹಣ ಕೊಡುತ್ತಿದ್ದನಂತೆ. ವರ್ತಕರು ಬಾಲ ತಂದು ತೋರಿಸಿದರೆ ಸಾಕು, ಬದುಕಿರುವ ಕುದುರೆಯ ಬೆಲೆ. ನಮ್ಮ ಪುಸ್ತಕ ವಿಮರ್ಶೆ ಆ ಪದ್ಧತಿಯನ್ನು ಚಾಚೂ ತಪ್ಪದೆ ಉಳಿಸಿಕೊಂಡು ಬಂದಿದೆ. ಬೆನ್ನುಡಿ ತೋರಿಸಿದರೆ ಸಾಕು. ‘ಮೈ ನವಿರೇಳಿಸುವ’, ‘ಕೆಳಗಿಡಲಾಗದ’, ‘ಕನ್ನಡ ಕಾದಂಬರಿ ಲೋಕದ ಮೈಲಿಗಲ್ಲು’. ಮೈಲಿಗೊಂದರಂತೆ ಇದ್ದ ಕಲ್ಲುಗಳು ಈಗ ಗಜಕ್ಕೊಂದರಂತೆ ನೆಟ್ಟಿವೆ, ರಸ್ತೆ ಕಾಣುತ್ತಿಲ್ಲ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಕೇಸರಿಬಾತಿನ ನಂತರ ಮುಖ್ಯ ಅತಿಥಿಗಳು ಮೈಕಿನ ಮುಂದೆ ಹೇಳುವ ಮೊದಲ ಮಾತೇ “ಕೃತಿ ನಿನ್ನೆ ರಾತ್ರಿಯಷ್ಟೇ ಕೈಸೇರಿತು”. ಎರಡನೆಯ ಮಾತಿನಿಂದ ಮುಕ್ಕಾಲು ಗಂಟೆ ಅದೇ ಕೃತಿಯ ಮಹತ್ವ. ಇದರಲ್ಲಿ ವಿರೋಧಾಭಾಸ ಕಂಡವರು ಕೇಸರಿಬಾತು ತಿನ್ನದೆ ಬಂದವರಿರಬೇಕು.

ಪುಸ್ತಕಗಳು ಇಷ್ಟು ದಪ್ಪಗಾಗುವುದಕ್ಕೆ ಇತಿಹಾಸವೊಂದೇ ಕಾರಣವಲ್ಲ, ಅರ್ಥಶಾಸ್ತ್ರವೂ ಇದೆ. ನಾವು ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ. ಆ ಹಣದಲ್ಲಿ ಇಲಾಖೆ ಪುಸ್ತಕ ಕೊಳ್ಳುವಾಗ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಆದ್ದರಿಂದ ಸೇನೆ ಹೊರಟರೆ ಊರೂರಲ್ಲೂ ತಂಗುತ್ತದೆ, ರಾಜ ಪತ್ರ ಬರೆದರೆ ಪೂರ್ತಿ ಪತ್ರ, ಉತ್ತರ ಬಂದರೆ ಪೂರ್ತಿ ಉತ್ತರ. ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರ ಬರೆದ ರಂಗನಾಥನ್ ಅವರು ಕೊನೆಗಾಲ ಕಳೆದದ್ದು ಇದೇ ಬೆಂಗಳೂರಿನಲ್ಲಿ. 1931ರಲ್ಲಿ ಅವರು ಬರೆದ ನಾಲ್ಕನೇ ಸೂತ್ರ, ಓದುಗನ ಸಮಯ ಉಳಿಸಿ. ಐದನೆಯದು, ಗ್ರಂಥಾಲಯ ಬೆಳೆಯುವ ಜೀವಿ. ನಮ್ಮವರು ಐದನೆಯದನ್ನು ಶ್ರದ್ಧೆಯಿಂದ ಪಾಲಿಸಿ, ನಾಲ್ಕನೆಯದನ್ನು ಪಠ್ಯಕ್ಕೆ ಬಿಟ್ಟುಕೊಟ್ಟರು.

ಈ ಐತಿಹಾಸಿಕವನ್ನು ಫ್ಯಾಂಟಸಿ ಸಾಲಿಗೆ, ಫ್ಯಾಂಟಸಿಯನ್ನು ಪ್ರವಚನಕ್ಕೆ, ಪ್ರೇಮವನ್ನು ಪ್ರವಾಸೋದ್ಯಮಕ್ಕೆ ಬದಲಾಯಿಸಿ ಎಂದು ನಮ್ಮ ಬಡಾವಣೆಯ ಶಾಖೆಯ ಗ್ರಂಥಪಾಲಕರಿಗೆ ಅರ್ಜಿ ಬರೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ಓದಿ, ಮಡಚಿ, ಮೇಜಿನ ಕಾಲಿನ ಕೆಳಗೆ ಇಟ್ಟರು. ಮೇಜು ಅಲುಗಾಡುವುದು ನಿಂತಿತು.

“ಪ್ರಕಾರ ಗಿಕಾರ ಎಲ್ಲ ಇಲ್ಲ ಸಾರ್. ದಪ್ಪದ್ದು ಕೆಳಗೆ, ತೆಳ್ಳಂದು ಮೇಲೆ. ಇಲ್ದಿದ್ರೆ ಹಲಗೆ ಬಾಗುತ್ತೆ.”

ಹೊಯ್ಸಳರ ಕಾದಂಬರಿಯ ಎರಡನೇ ಭಾಗ ಬಂದಿದೆಯೇ ಎಂದು ಕೇಳಿದೆ. ಅವರ ಮುಖ ಅರಳಿತು. ಒಳಗೆ ಹೋಗಿ ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಮುದ್ರೆ ಒತ್ತಿದರು. ವಾಪಸ್ ಕೊಡುವ ತಾರೀಕಿನ ಜಾಗ ಖಾಲಿ ಬಿಟ್ಟಿದ್ದರು.

“ನಿಧಾನಕ್ಕೆ ಓದಿ ಸಾರ್. ತಂದುಕೊಡ್ಲೇಬೇಕು ಅಂತೇನಿಲ್ಲ.”