ಅಜ್ಜನ ಹದಿನೆಂಟು, ಅಪ್ಪನ ಹದಿನೆಂಟು, ನನ್ನ ಹದಿನೆಂಟು

ನಿನ್ನೆ ರಾತ್ರಿ ನಮ್ಮನೆ ಜಗಲಿಯಲ್ಲಿ ನನ್ನ ಸೂಟ್‌ಕೇಸನ್ನು ಅಡಿಕೆ ಚೀಲ ತೂಗುವ ಮಷೀನಿನ ಮೇಲೆ ಇಟ್ಟೆವು. 26 ಕಿಲೋ 400 ಗ್ರಾಂ. ನನ್ನ ಟಿಕೆಟ್ಟಿಗೆ ಬಿಡುವುದು 23. ಅಪ್ಪ, ಅಮ್ಮ, ಅಜ್ಜ, ನೋಡಿ ಹೋಗಲಿಕ್ಕೆ ಬಂದ ಅತ್ತೆ, ಎಲ್ಲರೂ ಸುತ್ತ ನಿಂತಿದ್ದರು. ಯಾವುದನ್ನು ಹೊರಗೆ ತೆಗೆಯಬೇಕು ಅನ್ನುವುದರಲ್ಲಿ ಯಾರಿಗೂ ಅನುಮಾನ ಇದ್ದ ಹಾಗಿರಲಿಲ್ಲ. ಎಲ್ಲರ ಕಣ್ಣೂ ಹೋಗಿದ್ದು ಕೊರಿಯಾದ ಹುಡುಗರ ಹಾಡಿನ ತಂಡ ಬಿಟಿಎಸ್‌ನ ನನ್ನ ಮೂರು ಆಲ್ಬಮ್‌ಗಳ ಮೇಲೆ.

"ಓದಲಿಕ್ಕೆ ಹೋಗ್ತಾ ಇದೀಯಲ್ಲ, ಇನ್ನಾದರೂ ಈ ಹುಚ್ಚು ಬಿಡು" ಅಂದರು ಅತ್ತೆ.

ಬೇಜಾರು ಮಾಡಿಕೊಳ್ಳುವಂಥ ಮಾತೇನಲ್ಲ, ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ 'ಹುಚ್ಚು' ಅನ್ನುವ ಆ ಪದ ರಾತ್ರಿಯೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಅದಕ್ಕೇ ಈ ಉದ್ದದ ಪೋಸ್ಟ್. ನೆಟ್‌ವರ್ಕ್ ಸಿಗುವುದು ಬೇಲಿಬಾಗಿಲ ದಣಪೆ ಹತ್ತಿರ ಮಾತ್ರ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನು. ಕಾಗುಣಿತ ತಪ್ಪಿದ್ದರೆ ಮಳೆಗೆ ಬೈಯಿರಿ.

ಗೊತ್ತಿಲ್ಲದವರಿಗೆ: ನಾನು ಸಾಗರ ತಾಲ್ಲೂಕಿನ ಹುಡುಗಿ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮುಗಿಸಿ ಮಾಸ್ಟರ್ಸ್‌ಗೆ ಜರ್ಮನಿಗೆ ಹೊರಟಿದ್ದೇನೆ. ಕೊರಿಯಾಕ್ಕಲ್ಲ. ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ನಾನು 'ಆ ಹಾಡಿನ ಹುಡುಗರ ಊರಿಗೆ' ಹೋಗುತ್ತಿದ್ದೇನೆ ಅಂತಲೇ ಊರಿನ ಅರ್ಧ ಜನ ತಿಳಿದುಕೊಂಡಿದ್ದಾರೆ. ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದೆ. ಜರ್ಮನಿ ಈಗ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಂದರೆ ನನ್ನ ಹುಡುಗರಿಂದ ನಾನು ಇನ್ನೂ ದೂರವೇ ಹೋಗುತ್ತಿದ್ದೇನೆ.

ಈಗ ಹುಚ್ಚಿನ ವಿಷಯ. ನಮ್ಮನೆಯಲ್ಲಿ ಅದು ಯಾರಿಗಿಲ್ಲ ಹೇಳಿ?

ಅಜ್ಜನಿಗೆ ಯಕ್ಷಗಾನದ ಆಟ, ತಾಳಮದ್ದಳೆ. ಪ್ರಾಯದಲ್ಲಿ ದಾರಿಬೆಳಕಿಗೆ ಸೂಡಿ ಹಿಡಿದುಕೊಂಡು ಗುಡ್ಡ ಹತ್ತಿ ಇಳಿದು ಆಟಕ್ಕೆ ಹೋಗುತ್ತಿದ್ದರಂತೆ. ಬೆಳಗಿನ ತನಕ ನೋಡಿ, ಮನೆಗೆ ಬಂದು ಮುಖ ತೊಳೆದು, ನಿದ್ದೆಗಣ್ಣಲ್ಲೇ ತೋಟಕ್ಕೆ ಇಳಿಯುತ್ತಿದ್ದರಂತೆ. ಮಳೆಗಾಲ ಬಂತೆಂದರೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು, ಮದ್ದಳೆ, ಚಂಡೆ, ಮತ್ತೆ ಎದುರುಬದುರು ಕೂತು ಬರೀ ಮಾತಲ್ಲೇ ಯುದ್ಧ ಮಾಡುವ ಅರ್ಥಧಾರಿಗಳು. ಯಾವ ವರ್ಷ ಯಾವ ದೇವಸ್ಥಾನದಲ್ಲಿ ಯಾರ ಕರ್ಣ ಏನು ಹೇಳಿದ, ಅದಕ್ಕೆ ಯಾರ ಕೃಷ್ಣ ಏನು ಉತ್ತರ ಕೊಟ್ಟ ಅನ್ನುವುದು ಅಜ್ಜನಿಗೆ ಇವತ್ತಿಗೂ ಬಾಯಿಪಾಠ. ಬೆಳಿಗ್ಗೆ ಮಾತ್ರೆ ತೆಗೆದುಕೊಂಡದ್ದು ನೆನಪಿರುವುದಿಲ್ಲ, ಅದು ಬೇರೆ ಮಾತು. ಒಬ್ಬ ಅರ್ಥಧಾರಿಯ ಕರ್ಣ ಹೆಚ್ಚೋ ಇನ್ನೊಬ್ಬರದ್ದು ಹೆಚ್ಚೋ ಅಂತ ಜಗಳವಾಗಿ ಪಕ್ಕದ ಮನೆಯವರ ಜೊತೆ ಒಂದು ಇಡೀ ಮಳೆಗಾಲ ಮಾತು ಬಿಟ್ಟಿದ್ದರಂತೆ. ನಮ್ಮ ಭಾಷೆಯಲ್ಲಿ ಇದಕ್ಕೆ ಫ್ಯಾನ್‌ವಾರ್ ಅಂತಾರೆ ಅಜ್ಜಾ ಅಂದರೆ ನಗುತ್ತಾರೆ. ಆದರೆ ಊರಲ್ಲಿ ಅದರ ಹೆಸರು 'ಅಭಿರುಚಿ'.

ಅಪ್ಪನದ್ದು ಆರ್‌ಸಿಬಿ. 2008ರಿಂದ. 2009, 2011, 2016, ಮೂರು ಸಲ ಫೈನಲ್ ಸೋತಾಗಲೂ ಅಪ್ಪ ಆ ರಾತ್ರಿ ಊಟ ಬಿಟ್ಟಿದ್ದರು. 2025ರ ಜೂನ್ 3ರ ರಾತ್ರಿ ನಮ್ಮನೆಯಲ್ಲಿ ಆದದ್ದನ್ನು ಬರೆಯಲೇಬೇಕು. ಕರೆಂಟಿಲ್ಲ. ಇನ್ವರ್ಟರ್ ಉಳಿಸಲು ಟಿವಿ ಬಿಟ್ಟು ಉಳಿದದ್ದೆಲ್ಲ ಆಫ್. ಕತ್ತಲಲ್ಲಿ ಅಪ್ಪ ಒಂದೇ ಕುರ್ಚಿಯಲ್ಲಿ, ಏಳುವ ಹಾಗಿಲ್ಲ, ಎದ್ದರೆ ವಿಕೆಟ್ ಬೀಳುವುದು ನಿಂತುಹೋಗುತ್ತದಂತೆ. ಕೊನೆಯ ಓವರ್ ಮುಗಿಯುವ ಮೊದಲೇ ಕೊಹ್ಲಿ ಕಣ್ಣಲ್ಲಿ ನೀರು. ಆ ಕಡೆ ಅವನು, ಈ ಕಡೆ ಅಪ್ಪ. ಆರು ರನ್ನಿನ ಗೆಲುವು. ಹದಿನೆಂಟನೇ ವರ್ಷಕ್ಕೆ ಕಪ್ಪು, ಹದಿನೆಂಟನೇ ನಂಬರಿನ ಜೆರ್ಸಿಯವನಿಗೆ. ಅಪ್ಪ ಮಳೆಯಲ್ಲೇ ಅಂಗಳಕ್ಕೆ ಇಳಿದು ದೀಪಾವಳಿಯಲ್ಲಿ ಉಳಿದಿದ್ದ ಪಟಾಕಿ ಹಚ್ಚಲು ನೋಡಿದರು. ಒಂದೂ ಹತ್ತಲಿಲ್ಲ.

ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತ. 11 ಜನ ತೀರಿಹೋದರು. ಅಪ್ಪ ಟಿವಿ ಆರಿಸಿ ತೋಟಕ್ಕೆ ಹೋದವರು ಕತ್ತಲಾದ ಮೇಲೇ ಬಂದದ್ದು. ಕಪ್ಪಿನ ಮಾತು ಆಮೇಲೆ ಬಹಳ ದಿನ ಮನೆಯಲ್ಲಿ ಬರಲಿಲ್ಲ.

ಅದಾಗಿ ಒಂದು ವಾರಕ್ಕೆ, ಜೂನ್ 10ಕ್ಕೆ, ನನ್ನ ಸರದಿ. ಕೊರಿಯಾದಲ್ಲಿ ಗಂಡುಮಕ್ಕಳಿಗೆ ಮಿಲಿಟರಿ ಸೇವೆ ಕಡ್ಡಾಯ, ಎಷ್ಟು ದೊಡ್ಡ ಹಾಡುಗಾರರಾದರೂ ಅಷ್ಟೇ. ಬಿಟಿಎಸ್‌ನ ಏಳು ಜನರೂ 2022ರ ಡಿಸೆಂಬರಿನಿಂದ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಹೋಗಿದ್ದರು. ಆರ್‌ಎಂ ಮತ್ತು ವಿ ಅನ್ನುವ ಇಬ್ಬರು ಅವತ್ತು ಬಿಡುಗಡೆಯಾಗಿ ಬಂದರು. ಅಲ್ಲಿಯ ಬೆಳಿಗ್ಗೆ ನಮಗೆ ನಸುಕು. ನಾನು ಇದೇ ದಣಪೆ ಹತ್ತಿರ ನಿಂತು ವಿಡಿಯೋ ನೋಡಿದೆ. ಅತ್ತುಬಿಟ್ಟೆ. ಆರ್‌ಎಂ ಸ್ಯಾಕ್ಸೋಫೋನ್ ಊದುವುದನ್ನು ಆಮೇಲೆ ಅಜ್ಜನಿಗೆ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, "ಕದ್ರಿ ಗೋಪಾಲನಾಥರು ಊದಿದ ಹಾಗೆ ಆಗಲ್ಲ" ಅಂದರು. ಒಪ್ಪುತ್ತೇನೆ.

ಎಷ್ಟು ದಿನ ಇವರು ಮಿಲಿಟರಿಯಲ್ಲಿದ್ದದ್ದು ಅಂತ ಅಜ್ಜ ಕೇಳಿದರು. ಸೇನೆಗೆ ಸೇರಿದವರಿಗೆ ಹದಿನೆಂಟು ತಿಂಗಳು ಅಂದೆ. ಅಜ್ಜ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಹದಿನೆಂಟಾ? ಮಹಾಭಾರತ ಹದಿನೆಂಟು ಪರ್ವ. ಯುದ್ಧ ಹದಿನೆಂಟು ದಿನ. ಸೈನ್ಯ ಹದಿನೆಂಟು ಅಕ್ಷೋಹಿಣಿ. ಗೀತೆ ಹದಿನೆಂಟು ಅಧ್ಯಾಯ." ಒಳಗಿಂದ ಅಪ್ಪ, "ಕಪ್ಪಿಗೆ ಹದಿನೆಂಟು ವರ್ಷ" ಅಂತ ಕೂಗಿದರು. ಒಂದು ವಾರದ ಮೇಲೆ ಅವತ್ತೇ ಮೊದಲು ಅವರು ಆ ವಿಷಯ ಎತ್ತಿದ್ದು.

ಆ ಹದಿನೆಂಟು ನನ್ನ ಬೆನ್ನು ಬಿಟ್ಟಿಲ್ಲ. ಜರ್ಮನಿಗೆ ಹೋಗುವವರ ಅಂಕಪಟ್ಟಿ ಪರಿಶೀಲಿಸುವ ಎಪಿಎಸ್ ಸರ್ಟಿಫಿಕೇಟಿಗೆ ಕಟ್ಟಿದ್ದು 18,000 ರೂಪಾಯಿ. ಅಲ್ಲಿ ಹೋದ ಮೇಲೆ ಪ್ರತಿ ಮನೆಯಿಂದ ರೇಡಿಯೋ-ಟಿವಿ ಶುಲ್ಕ ಅಂತ ತಿಂಗಳಿಗೆ 18.36 ಯೂರೋ ವಸೂಲಿ. ಮನೆಯಲ್ಲಿ ರೇಡಿಯೋ ಟಿವಿ ಎರಡೂ ಇಲ್ಲದಿದ್ದರೂ ಕಟ್ಟಬೇಕು. ಇದನ್ನು ಕೇಳಿ ಅಪ್ಪನಿಗೆ ಆದ ಸಿಟ್ಟು ಬ್ಲಾಕ್ಡ್ ಅಕೌಂಟಿನ ವಿಷಯ ಕೇಳಿದಾಗಲೂ ಆಗಿರಲಿಲ್ಲ. ಅದು ಅಲ್ಲಿಯ ಖರ್ಚಿಗೆಂದು ಇಡುವ ಖಾತೆ, ಅದರಲ್ಲಿ 11,904 ಯೂರೋ ಮೊದಲೇ ತುಂಬಿಡಬೇಕು. ತಿಂಗಳಿಗೆ 992ರಂತೆ ಬಿಡುತ್ತಾರೆ. ದುಡ್ಡು ನಮ್ಮದು, ಬೀಗ ಅವರದ್ದು.

ವಿಷಯಕ್ಕೆ ಬರುತ್ತೇನೆ. ಅಜ್ಜನದು ಅಭಿರುಚಿ. ಅಪ್ಪನದು ಅಭಿಮಾನ. ನನ್ನದು ಹುಚ್ಚು. ಯಾಕೆ?

ಭಾಷೆ ಬರುವುದಿಲ್ಲ, ಅದಕ್ಕೆ ಅನ್ನುತ್ತಾರೆ. ಅಪ್ಪನ ತಂಡದಲ್ಲಿ ಕನ್ನಡ ಮಾತಾಡುವವರು ಎಷ್ಟು ಜನ ಅಂತ ನಾನು ಕೇಳುವುದಿಲ್ಲ, ಮನೆಯಲ್ಲಿ ಶಾಂತಿ ಬೇಕು. ನನಗನ್ನಿಸುವ ಕಾರಣ ಬೇರೆ. ಗಂಡಸರು ಕೂಗಿದರೆ, ಅತ್ತರೆ, ಬೈಕಿಗೆ ಬಾವುಟ ಕಟ್ಟಿಕೊಂಡು ಊರೆಲ್ಲ ಸುತ್ತಿದರೆ ಅದು ಅಭಿಮಾನ. ಹುಡುಗಿಯರು ಕೋಣೆಯೊಳಗೆ ಗೋಡೆಗೆ ಒಂದು ಪೋಸ್ಟರ್ ಅಂಟಿಸಿದರೆ ಹುಚ್ಚು. ರಾಜ್‌ಕುಮಾರ್ ಅವರು ಅಭಿಮಾನಿಗಳನ್ನು ದೇವರು ಅಂತ ಕರೆದ ನಾಡು ನಮ್ಮದು. ಆ ಮಾತಲ್ಲಿ ಅವರು ಗಂಡಸು ಹೆಂಗಸು ಅಂತ ವಿಂಗಡಿಸಿರಲಿಲ್ಲ. ವಿಂಗಡಿಸಿದ್ದು ನಾವು.

ಹಾಗಂತ ನನ್ನ ಫ್ಯಾಂಡಮ್, ಅಂದರೆ ನಮ್ಮ ಅಭಿಮಾನಿ ಬಳಗ, ಏನೂ ಹಾಲಲ್ಲಿ ತೊಳೆದದ್ದಲ್ಲ. ಒಂದು ಆಲ್ಬಮಿನಲ್ಲಿ ಯಾರ ಫೋಟೋಕಾರ್ಡ್ ಬರುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ, ಬೇಕಾದವನದ್ದು ಬರುವ ತನಕ ಜನ ಅದೇ ಆಲ್ಬಮ್ ಮತ್ತೆ ಮತ್ತೆ ಕೊಳ್ಳುತ್ತಾರೆ. ವ್ಯಾಪಾರದ ಬುದ್ಧಿ ಅದು, ಲಾಟರಿಗೂ ಅದಕ್ಕೂ ಜಾಸ್ತಿ ದೂರವಿಲ್ಲ. ನನ್ನ ಮೂರು ಆಲ್ಬಮ್‌ಗಳಲ್ಲಿ ಎರಡು ಒಂದೇ. ಇದನ್ನು ಅಮ್ಮ ಇನ್ನೂ ಗಮನಿಸಿಲ್ಲ. (ಅಮ್ಮ ಫೇಸ್‌ಬುಕ್‌ನಲ್ಲಿ ಇದ್ದಾರೆ ಅನ್ನುವುದು ಈಗ ನೆನಪಾಯಿತು.)

ಅಮ್ಮನ ಕಥೆ ಇನ್ನೂ ಮಜಾ. ನಾನು ಕೊರಿಯನ್ ಧಾರಾವಾಹಿ ನೋಡುವಾಗ ಅಡುಗೆಮನೆಯಿಂದ ಬಂದು, "ಯಾರು ಅಪ್ಪಾ ಅಂತ ಕರೆದದ್ದು?" ಅಂದರು. ಕೊರಿಯನ್‌ನಲ್ಲೂ ಅಪ್ಪನಿಗೆ ಅಪ್ಪಾ ಅಂತಲೇ. ಅಮ್ಮ ಅನ್ನುವುದು 'ಓಮ್ಮಾ' ಅನ್ನುವ ಹಾಗೆ ಕೇಳುತ್ತದೆ. ಅಮ್ಮ ಸೌಟು ಹಿಡಿದುಕೊಂಡೇ ಕೂತರು. ಅವತ್ತು ಸಾರು ತಳ ಹತ್ತಿತು. ಈಗ ನನಗಿಂತ ಜಾಸ್ತಿ ನೋಡುವುದು ಅವರೇ.

ಕೊರಿಯನ್ ನನಗೆ ಸಲೀಸಾಗಿದ್ದು ಸುಮ್ನೆ ಅಲ್ಲ. ಕ್ರಿಯಾಪದ ನಮ್ಮ ಹಾಗೇ ಕೊನೆಗೆ ಬರುತ್ತದೆ. ಅಕ್ಷರ ಕಲಿಯಲು ಮೂರು ದಿನ ಸಾಕಾಯಿತು. ಜರ್ಮನ್ ಹಾಗಲ್ಲ. ಅಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ತಮಾಷೆ ಏನೆಂದರೆ 'ಹುಡುಗಿ' ಅನ್ನುವ ಪದವೂ ನಪುಂಸಕ. ಕ್ಲಾಸಿನಲ್ಲಿ ಎಲ್ಲರೂ ತಲೆ ಕೆರೆದುಕೊಂಡರು, ನನಗೊಬ್ಬಳಿಗೆ ಏನೂ ಅನ್ನಿಸಲಿಲ್ಲ. ನಮ್ಮ ಹವ್ಯಕರ ಮನೆಮಾತಲ್ಲಿ ಹುಡುಗಿ ಅಂದರೆ 'ಕೂಸು', 'ಕೂಸು ಬಂತು' ಅಂತಲೇ ಹೇಳುವುದು. ಇಪ್ಪತ್ತೆರಡು ವರ್ಷದಿಂದ ನಾನು 'ಬಂತು, ಹೋತು' ಅನ್ನಿಸಿಕೊಂಡೇ ಬೆಳೆದದ್ದಲ್ವಾ.

ಆಲ್ಬಮ್ ಬದಲು "ನಮ್ಮ ಸಂಸ್ಕೃತಿದು ಏನಾದರೂ ತಗೊಂಡು ಹೋಗು" ಅಂತ ಅತ್ತೆ ಒಂದು ಫ್ರೇಮ್ ಹಾಕಿಸಿದ ಫೋಟೋ ತಂದುಕೊಟ್ಟರು. ಆಗುಂಬೆಯ ದೊಡ್ಡಮನೆ, ಮಾಲ್ಗುಡಿಯ ಮನೆ. ಚೆಂದದ ಫೋಟೋ. ಆದರೆ ಸ್ವಲ್ಪ ಯೋಚಿಸಿ. ಮಾಲ್ಗುಡಿ ಡೇಸ್ ಅಂದರೆ ಮದ್ರಾಸಿನಲ್ಲಿ ಹುಟ್ಟಿ ಮೈಸೂರಲ್ಲಿ ಬದುಕಿದ ಆರ್‌.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕಥೆಗಳು. ಅದನ್ನು ಶಂಕರ್‌ನಾಗ್ 1980ರ ದಶಕದಲ್ಲಿ ಆಗುಂಬೆಗೆ ತಂದು, ದೂರದರ್ಶನಕ್ಕೆ ಹಿಂದಿ ಧಾರಾವಾಹಿ ಮಾಡಿದರು. ಶಿವಮೊಗ್ಗ-ತಾಳಗುಪ್ಪ ರೈಲುದಾರಿಯ ಅರಸಾಳು ಸ್ಟೇಷನ್ ಮಾಲ್ಗುಡಿ ಸ್ಟೇಷನ್ ಆಯಿತು, ಈಗ ಅಲ್ಲೊಂದು ಮ್ಯೂಸಿಯಮ್ಮೂ ಇದೆ. ಇಂಗ್ಲಿಷ್ ಕಥೆ, ಹಿಂದಿ ಮಾತು, ನಮ್ಮ ಮಳೆ. ಇವತ್ತು ಅದು ಅಪ್ಪಟ ಮಲೆನಾಡು!

ಹೆಗ್ಗೋಡು ನಮ್ಮನೆಯಿಂದ ದೂರವಿಲ್ಲ. ಅಲ್ಲಿಯ ರಂಗಸಂಸ್ಥೆ ನೀನಾಸಂ 1973ರಲ್ಲೇ ಚಿತ್ರಸಮಾಜ ಶುರು ಮಾಡಿ, ಎಲ್ಲೆಲ್ಲಿಯದೋ ದೇಶದ ಸಿನಿಮಾಗಳನ್ನು ಅಡಿಕೆ ಸುಲಿಯುವ ಜನರಿಗೆ ತೋರಿಸಿತು. ಅಜ್ಜನೂ ಹೋಗಿ ಯಾವುದೋ ಜಪಾನೀ ಸಿನಿಮಾ ನೋಡಿ ಬಂದಿದ್ದರಂತೆ. "ಮಾತು ತಿಳೀಲಿಲ್ಲ, ಆದ್ರೆ ಅಲ್ಲೂ ಇದೇ ನಮೂನೆ ಮಳೆ" ಅನ್ನುತ್ತಾರೆ. ಅಜ್ಜ ಪರದೇಶದ್ದು ನೋಡಿದರೆ ದೊಡ್ಡ ವಿಷಯ, ಮೊಮ್ಮಗಳು ನೋಡಿದರೆ ಹಾಳಾಗಿ ಹೋದಳು.

ಜರ್ಮನಿಗೆ ಹೋದ ಮೇಲೆ ಸಿನಿಮಾ ನೋಡುವ ಕಥೆ ಏನು ಅಂತ ಆಗಲೇ ಹೋಗಿರುವ ಸೀನಿಯರ್ ಒಬ್ಬರನ್ನು ಕೇಳಿದೆ. ಎರಡು ಮಾತು ಹೇಳಿದರು. ಒಂದು, ಕದ್ದು ಸಿನಿಮಾ ಇಳಿಸುವ ಟೊರೆಂಟ್ ಮುಟ್ಟಬೇಡ, ವಕೀಲರ ಕಾಗದ ನೇರ ಮನೆಗೇ ಬರುತ್ತದೆ, ನೂರಾರು ಯೂರೋ ಕೇಳುತ್ತಾರೆ. ಇನ್ನೊಂದು, ಅಲ್ಲಿ ಹೊರದೇಶದ ಸಿನಿಮಾ ಹೆಚ್ಚುಕಮ್ಮಿ ಎಲ್ಲ ಜರ್ಮನ್‌ಗೆ ಡಬ್ ಆಗಿಯೇ ಬರುವುದು. ಪೋಸ್ಟರಿನಲ್ಲಿ 'ಓಎಂಯು' ಅಂತಿದ್ದರೆ ಮೂಲ ಭಾಷೆ, ಕೆಳಗೆ ಜರ್ಮನ್ ಅಕ್ಷರ. ನಾವು ದಶಕಗಟ್ಟಲೆ ಡಬ್ಬಿಂಗ್ ಬೇಡ ಅಂತ ಬಾಗಿಲು ಹಾಕಿಕೊಂಡಿದ್ದೆವು, 2015ರಲ್ಲಿ ಸ್ಪರ್ಧಾ ಆಯೋಗ ಆದೇಶ ಕೊಟ್ಟ ಮೇಲೆ ಅದು ತೆರೆಯಿತು. ಆದರೆ ನನ್ನ ಪ್ರಾಯದವರು ಅದಕ್ಕೂ ಮೊದಲೇ ಚಿಂಟು ಟಿವಿಯಲ್ಲಿ ಡೋರಾಳ ಬಾಯಲ್ಲಿ ಕನ್ನಡ ಕೇಳಿ ಬೆಳೆದವರು. ಅದರಿಂದ ನಮ್ಮ ಕನ್ನಡ ಕೆಡಲಿಲ್ಲ. ಇನ್ನಷ್ಟು ಬೇಕಿತ್ತು ಅನ್ನುವುದೇ ನನ್ನ ತಕರಾರು.

ಕೊನೆಯ ತಾಪತ್ರಯ ಲೈಟ್‌ಸ್ಟಿಕ್. ಸಂಗೀತ ಕಛೇರಿಯಲ್ಲಿ ಅಭಿಮಾನಿಗಳು ಕೈಯಲ್ಲಿ ಹಿಡಿಯುವ ದೀಪ, ಮೂರು ಬ್ಯಾಟರಿ ಹಾಕಬೇಕು, ತಲೆಗೆ ಗುಂಡಗಿನ ಬುರುಡೆ. ಒಂದು ಕಛೇರಿಯನ್ನೂ ನಾನು ನೋಡಿಲ್ಲ. ಕರೆಂಟ್ ಹೋದಾಗ ಬಚ್ಚಲಿಗೆ ಹೋಗಲು ಮಾತ್ರ ಬಳಕೆ. ಕ್ಯಾಬಿನ್ ಬ್ಯಾಗಿಗೆ ಹಾಕುತ್ತೇನೆ ಅಂದೆ. "ಸೆಕ್ಯುರಿಟಿಯವರು ಕೇಳಿದ್ರೆ ಏನು ಹೆಸರು ಹೇಳ್ತೀಯ?" ಅಂದರು ಅಪ್ಪ. ಅದರ ನಿಜವಾದ ಹೆಸರು 'ಆರ್ಮಿ ಬಾಂಬ್'.

ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅತ್ತೆಯೇ ಮೊದಲು ನಕ್ಕಿದ್ದು. "ಟಾರ್ಚು ಅನ್ನು, ಮಾರಾಯ್ತಿ."

ಮತ್ತೆ ಸೂಟ್‌ಕೇಸ್ ಬಿಚ್ಚಿದೆವು. ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಡಬ್ಬಿ ಇದ್ದದ್ದು ಒಂದಾಯಿತು. ಹಲಸಿನ ಹಪ್ಪಳ ಅರ್ಧ ಹೊರಗೆ. ಒಂದೇ ತರಹದ ಎರಡು ಆಲ್ಬಮ್‌ಗಳಲ್ಲಿ ಒಂದನ್ನು ನಾನೇ ಮೆಲ್ಲಗೆ ತೆಗೆದೆ. ತಳದಲ್ಲಿ, ಸ್ವೆಟರಿನ ಮಡಿಕೆಯೊಳಗೆ, ನಾನು ಇಡದೇ ಇದ್ದದ್ದೊಂದು ಸಿಕ್ಕಿತು. ಕೆಂಪು ಜೆರ್ಸಿ, ಬೆನ್ನಿಗೆ 18. ಅಪ್ಪ ತೋಟದ ಕೊಳೆಔಷಧಿ ವಿಷಯ ಮಾತಾಡುತ್ತಾ ಆ ಕಡೆ ತಿರುಗಿದರು. ಅಜ್ಜನದ್ದಕ್ಕೆ ತೂಕವೇ ಇಲ್ಲ. ಹಳೇ ಕ್ಯಾಸೆಟ್ಟಿನ ತಾಳಮದ್ದಳೆಯನ್ನೆಲ್ಲ ಫೋನಿಗೆ ಹಾಕಿಕೊಂಡಿದ್ದೇನೆ.

23 ಕಿಲೋ 300 ಗ್ರಾಂ. ಇನ್ನೂ ಮುನ್ನೂರು ಗ್ರಾಂ ಇಳಿಸಬೇಕು. ಅಮ್ಮ ಜೆರ್ಸಿ ಅನ್ನುತ್ತಾರೆ. ಅಪ್ಪ ಫೋಟೋದ ಫ್ರೇಮು ಅನ್ನುತ್ತಾರೆ. ಅತ್ತೆ ಇನ್ನೂ ಇಲ್ಲೇ ಇದ್ದಾರೆ, ಅದಕ್ಕೇ ಫ್ರೇಮನ್ನು ನಾಳೆ ಅವರು ಬಸ್ಸು ಹತ್ತಿದ ಮೇಲೆ ತೆಗೆಯುವುದು ಅಂತ ಸದ್ಯಕ್ಕೆ ತೀರ್ಮಾನ. ಅತ್ತೆಯನ್ನು ಇಲ್ಲಿ ಯಾರೂ ಟ್ಯಾಗ್ ಮಾಡಬೇಡಿ.