ಪ್ಲಾಟ್‌ಫಾರ್ಮ್ ಒಂದೇ ಆದರೂ ಕಾರು ಬೇರೆಯೇ

ಹಲವು ಕಾರುಗಳು ಒಂದೇ ಪ್ಲಾಟ್‌ಫಾರ್ಮ್, ಅಂದರೆ ಕಾರಿನ ತಳದ ಮೂಲ ವಿನ್ಯಾಸ, ಹಂಚಿಕೊಂಡರೆ ಐಷಾರಾಮಿ ಬ್ರಾಂಡಿನ ತೂಕ ಕಡಿಮೆಯಾಗುತ್ತದೆ ಎಂದು ನಾನು ಓದಿದ ಲೇಖನವೊಂದರಲ್ಲಿ ಲೇಖಕರು ಹೇಳಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಫೋಕ್ಸ್‌ವ್ಯಾಗನ್ ಗ್ರೂಪಿನ ಎಂಎಲ್‌ಬಿ ಇವೊ ಎಂಬ ಪ್ಲಾಟ್‌ಫಾರ್ಮ್ ನೋಡಿ. ಆಡಿ ಕ್ಯೂ7, ಪೋರ್ಷೆ ಕಯೆನ್, ಬೆಂಟ್ಲಿ ಬೆಂಟೇಗಾ, ಲ್ಯಾಂಬೋರ್ಗಿನಿ ಉರುಸ್ ಎಲ್ಲವೂ ಅದರ ಮೇಲೆಯೇ ನಿಂತಿವೆ. ಆದರೂ ಒಂದರಂತೆ ಇನ್ನೊಂದಿಲ್ಲ. ಎಂಜಿನ್ ಸದ್ದು, ಸ್ಟೀರಿಂಗ್, ಸಸ್ಪೆನ್ಷನ್, ಪ್ರತಿಯೊಂದಕ್ಕೂ ಅದರದೇ ಹದ.

ನನಗೆ ಚಿಂತೆ ಇರುವುದು ಎಲೆಕ್ಟ್ರಿಕ್ ಕಾರುಗಳ ಬಗ್ಗೆ. ಅಲ್ಲಿ ಎಂಜಿನ್ ಸದ್ದೇ ಇಲ್ಲ. ಮೋಟಾರು ಯಾವ ಕಂಪನಿಯದ್ದಾದರೂ ಸದ್ದಿಲ್ಲದೆ, ಜೋರಾಗಿಯೇ ಎಳೆಯುತ್ತದೆ. ಪೋರ್ಷೆಯ ಎಲೆಕ್ಟ್ರಿಕ್ ಮಕಾನ್‌ಗೂ ಆಡಿ ಕ್ಯೂ6 ಇ-ಟ್ರಾನ್‌ಗೂ ಪಿಪಿಇ ಎಂಬ ಎಲೆಕ್ಟ್ರಿಕ್ ಕಾರುಗಳ ಪ್ಲಾಟ್‌ಫಾರ್ಮೇ ಬುನಾದಿ, ಎರಡರಲ್ಲೂ 800 ವೋಲ್ಟ್ ವಿದ್ಯುತ್ ವ್ಯವಸ್ಥೆ. ಹಾಗಿದ್ದರೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು? ಸಾಫ್ಟ್‌ವೇರ್, ಒಳಾಂಗಣದ ಕೆಲಸ, ಸರ್ವಿಸ್ ಇವುಗಳಲ್ಲೇ ಉತ್ತರ ಸಿಗಬೇಕು, ಅಲ್ವಾ? ಲೋಗೋ ಬದಲಿಸಿ ಸುಮ್ನೆ ಬೆಲೆ ಏರಿಸಿದರೆ ಜನಕ್ಕೆ ಗೊತ್ತಾಗುತ್ತದೆ.

2030ಕ್ಕೆ ಪೂರ್ತಿ ಎಲೆಕ್ಟ್ರಿಕ್ ಎಂದಿದ್ದ ವೋಲ್ವೋ 2024ರಲ್ಲಿ ಆ ಗುರಿ ಸಡಿಲಿಸಿತು. ಬೆಂಟ್ಲಿಯೂ 2035ಕ್ಕೆ ಮುಂದೂಡಿತು. ಇದನ್ನು ಸೋಲು ಎನ್ನಲು ನನಗೆ ಮನಸ್ಸಿಲ್ಲ. ಹೈಬ್ರಿಡ್ ಜೊತೆ ಇನ್ನೂ ಕೆಲವು ವರ್ಷ ನಡೆಯಲಿ. ಆದರೆ ಈ ಕಂಪನಿಗಳ ಮಾತು ನಂಬಿ ಈಗಾಗಲೇ ಎಲೆಕ್ಟ್ರಿಕ್ ಕೊಂಡವರಿಗೆ ಅಪ್‌ಡೇಟ್, ಬಿಡಿಭಾಗ ಎರಡೂ ನಿಲ್ಲಬಾರದು.